ಕೆನಡಾದಲ್ಲಿ ಕಿನೀಸಿಯಾಲಜಿಸ್ಟ್ ಕೆಲಸ: ಯಾವ ಪ್ರಾಂತ್ಯದಲ್ಲಿ ಎಷ್ಟು ಅವಕಾಶ ಎಂದು ನೋಡುವುದು ಹೇಗೆ?

ಬಿಪಿಟಿ, ಅಂದರೆ ಫಿಸಿಯೋಥೆರಪಿ ಡಿಗ್ರಿ, ಓದಿದವರು ಕೆನಡಾಕ್ಕೆ ಹೊರಡುವಾಗ ಕೇಳುವ ಮೊದಲ ಪ್ರಶ್ನೆ, "ಅಲ್ಲಿ ಫಿಸಿಯೋಗಳಿಗೆ ಡಿಮ್ಯಾಂಡ್ ಇದೆಯಾ?" ಇದೆ, ಖಂಡಿತ ಇದೆ. ಆದರೆ ಅಲ್ಲಿನ ಲೈಸೆನ್ಸ್ ಸಿಗುವವರೆಗೆ ನೀವು ಫಿಸಿಯೋಥೆರಪಿಸ್ಟ್ ಎಂದು ಹೇಳಿಕೊಳ್ಳುವ ಹಾಗಿಲ್ಲ. ಆ ಲೈಸೆನ್ಸ್ ಬರಲು ಸಮಯ ಹಿಡಿಯುತ್ತದೆ, ದುಡ್ಡೂ ಬೇಕು. ಆಗ ಯಾರಾದರೂ ಪರಿಚಯದವರು ಹೇಳುತ್ತಾರೆ: "ಅಲ್ಲಿವರೆಗೆ ಕಿನೀಸಿಯಾಲಜಿಸ್ಟ್ ಆಗಿ ಕೆಲಸ ಮಾಡಬಹುದಲ್ಲ?"

ಮಾಡಬಹುದು. ವ್ಯಾಯಾಮದ ಮೂಲಕ ಚಿಕಿತ್ಸೆ ಕೊಡುವ ಈ ಕೆಲಸವನ್ನು ತುಂಬಾ ಜನ ಮಾಡುತ್ತಿದ್ದಾರೆ. ಇದನ್ನೇ ಪೂರ್ತಿ ವೃತ್ತಿಯಾಗಿ ಹಿಡಿದು ಚೆನ್ನಾಗಿ ಬಾಳುವವರೂ ಇದ್ದಾರೆ. ಆದರೆ ಕೆನಡಾ ಎಂದರೆ ಒಂದೇ ಮಾರುಕಟ್ಟೆ ಅಲ್ಲ. ವ್ಯಾಂಕೂವರ್‌ನಲ್ಲಿ ಸಲೀಸಾಗಿ ಸಿಗುವ ಕೆಲಸ ಇನ್ನೊಂದು ಪ್ರಾಂತ್ಯದಲ್ಲಿ ಹೆಸರಿಗೂ ಇರುವುದಿಲ್ಲ. ಇದಕ್ಕೆ ಕಾರಣ ಹುಡುಕುತ್ತಾ ಹೋದರೆ ಪ್ರತಿಸಲವೂ ಒಂದೇ ಪ್ರಶ್ನೆಗೆ ಬಂದು ನಿಲ್ಲುತ್ತೇವೆ: ರೋಗಿಯ ಬಿಲ್ ಯಾರು ಕಟ್ಟುತ್ತಾರೆ? ಎಲ್ಲಿ ಕಿನೀಸಿಯಾಲಜಿಸ್ಟ್ ಬಿಲ್ ಕಟ್ಟಲು ಒಬ್ಬ ಇನ್ಶೂರೆನ್ಸ್‌ನವರೋ ಸರ್ಕಾರವೋ ಇದ್ದಾರೋ ಅಲ್ಲಿ ಕೆಲಸ ಇದೆ. ಈ ಪ್ರಶ್ನೆ ಇಟ್ಟುಕೊಂಡು ಪ್ರಾಂತ್ಯ, ಊರು ಹೇಗೆ ಆರಿಸಬೇಕು ಎಂದು ಹಂತ ಹಂತವಾಗಿ ನೋಡೋಣ.

ಹೆಜ್ಜೆ 1: ಕೆಲಸ ಏನು ಎಂದು ಸರಿಯಾಗಿ ತಿಳಿದುಕೊಳ್ಳಿ

ಕೆನಡಾದಲ್ಲಿ ಕಿನೀಸಿಯಾಲಜಿ ನಾಲ್ಕು ವರ್ಷದ ಡಿಗ್ರಿ. ದೇಹದ ಚಲನೆಯನ್ನು ಅಳೆಯುವುದು, ಗಾಯ ಅಥವಾ ಕಾಯಿಲೆ ಆದವರಿಗೆ ವ್ಯಾಯಾಮದ ಮೂಲಕ ಶಕ್ತಿ ವಾಪಸ್ ತರುವುದು, ಕೆಲಸಕ್ಕೆ ಮರಳಲು ತಯಾರು ಮಾಡುವುದು, ಕೂರುವ ನಿಲ್ಲುವ ಭಂಗಿ ಸರಿ ಮಾಡುವುದು ಇವೆಲ್ಲ ಇದರೊಳಗೆ ಬರುತ್ತವೆ. ಒಂಟಾರಿಯೊದ ವಾಟರ್‌ಲೂ ಯೂನಿವರ್ಸಿಟಿ 1967ರಲ್ಲೇ ಇದಕ್ಕೆಂದು ಪ್ರತ್ಯೇಕ ವಿಭಾಗ ಶುರು ಮಾಡಿತು. ಹಾಗಾಗಿ ಅಲ್ಲಿನ ವೈದ್ಯರಿಗೂ ಇನ್ಶೂರೆನ್ಸ್ ಕಂಪನಿಗಳಿಗೂ ಈ ಹೆಸರು ಹೊಸದಲ್ಲ. ನಮ್ಮಲ್ಲಿ ಬಿಪಿಟಿ ಸಿಲಬಸ್‌ನಲ್ಲಿ ಕಿನೀಸಿಯಾಲಜಿ ಒಂದು ವಿಷಯ ಮಾತ್ರ. ಆ ಹೆಸರಿನ ವೃತ್ತಿ ಇಲ್ಲಿಲ್ಲ.

ಫಿಸಿಯೋಗೂ ಇವರಿಗೂ ಇರುವ ವ್ಯತ್ಯಾಸ ಗೊತ್ತಿರಲಿ. ಕಿನೀಸಿಯಾಲಜಿಸ್ಟ್ ರೋಗ ಇಂಥದ್ದೇ ಎಂದು ಡಯಾಗ್ನೋಸಿಸ್ ಹೇಳುವ ಹಾಗಿಲ್ಲ. ಬೆನ್ನುಮೂಳೆ ತಿರುಗಿಸಿ ಲಟಕ್ಕೆನಿಸುವ ಚಿಕಿತ್ಸೆ ಮಾಡುವ ಹಾಗಿಲ್ಲ. ಬಹಳಷ್ಟು ಕ್ಲಿನಿಕ್‌ಗಳಲ್ಲಿ ಫಿಸಿಯೋ ಅಥವಾ ಕೈರೊಪ್ರಾಕ್ಟರ್ (ಬೆನ್ನುಮೂಳೆ, ಕೀಲುಗಳಿಗೆ ಕೈಯಿಂದ ಚಿಕಿತ್ಸೆ ಮಾಡುವವರು) ಮೊದಲು ನೋಡಿ ಪ್ಲಾನ್ ಬರೆಯುತ್ತಾರೆ, ವ್ಯಾಯಾಮದ ಭಾಗ ಕಿನೀಸಿಯಾಲಜಿಸ್ಟ್ ಕೈಗೆ ಬರುತ್ತದೆ. ಊರಲ್ಲಿ ಸ್ವತಂತ್ರವಾಗಿ ರೋಗಿ ನೋಡಿ ಅಭ್ಯಾಸ ಇರುವವರಿಗೆ ಇದು ಮೊದಮೊದಲು ಕಷ್ಟ ಅನಿಸುತ್ತದೆ. ಮನಸ್ಸನ್ನು ಮೊದಲೇ ತಯಾರು ಮಾಡಿಕೊಂಡರೆ ಒಳ್ಳೆಯದು.

ಇನ್ನೊಂದು ಎಚ್ಚರಿಕೆ. ಅಪ್ಲೈಡ್ ಕಿನೀಸಿಯಾಲಜಿ ಎಂಬ ಹೆಸರಲ್ಲಿ ಬೇರೆಯೇ ಒಂದು ಪದ್ಧತಿ ಇದೆ. ಸ್ನಾಯುವನ್ನು ಒತ್ತಿ ನೋಡಿ ಅಲರ್ಜಿ, ಅಂಗಾಂಗದ ತೊಂದರೆ ಕಂಡುಹಿಡಿಯುತ್ತೇವೆ ಎನ್ನುವ ಪರ್ಯಾಯ ಚಿಕಿತ್ಸೆ ಅದು. ಅದರ ವಾರಾಂತ್ಯದ ಕೋರ್ಸ್ ಮಾಡಿಕೊಂಡರೆ ನಾವು ಮಾತಾಡುತ್ತಿರುವ ಕೆಲಸಕ್ಕೆ ನಯಾಪೈಸೆ ಪ್ರಯೋಜನ ಇಲ್ಲ. ಇಂಟರ್ನೆಟ್‌ನಲ್ಲಿ ಹುಡುಕುವಾಗ ಎರಡೂ ಬೆರೆತು ಬರುತ್ತವೆ. ದುಡ್ಡು ಕಟ್ಟುವ ಮೊದಲು ನೋಡಿ.

ಹೆಜ್ಜೆ 2: ಜಾಬ್ ಬ್ಯಾಂಕ್ ನೋಡಿ, ಆದರೆ ಅಲ್ಲೇ ನಿಲ್ಲಬೇಡಿ

ಕೆನಡಾ ಸರ್ಕಾರದ ಜಾಬ್ ಬ್ಯಾಂಕ್ ತಾಣ ಎಲ್ಲರಿಗೂ ಉಚಿತ. ಅಲ್ಲಿ ಪ್ರತಿ ಕೆಲಸಕ್ಕೂ ಎನ್‌ಒಸಿ ಎಂಬ ಕೋಡ್ ಇರುತ್ತದೆ. ಕಿನೀಸಿಯಾಲಜಿಸ್ಟ್‌ಗಳದ್ದು 31204. ಫಿಸಿಯೋಥೆರಪಿಸ್ಟ್ 31202, ಆಕ್ಯುಪೇಷನಲ್ ಥೆರಪಿಸ್ಟ್ 31203, ಆಡಿಯಾಲಜಿಸ್ಟ್ ಮತ್ತು ಸ್ಪೀಚ್ ಥೆರಪಿಸ್ಟ್ 31112. ಕೋಡಿನ ಎರಡನೇ ಅಂಕಿ ಮುಖ್ಯ. ಅದು 1 ಇದ್ದರೆ ಸಾಮಾನ್ಯವಾಗಿ ಡಿಗ್ರಿ ಬೇಕಾದ ಕೆಲಸ ಎಂದರ್ಥ. ಪಿಆರ್ (ಅಲ್ಲೇ ಕಾಯಂ ಆಗಿ ನೆಲೆಸುವ ಅನುಮತಿ) ಲೆಕ್ಕದಲ್ಲಿ ಇದು ಮುಂದೆ ಉಪಯೋಗಕ್ಕೆ ಬರುತ್ತದೆ.

ಕೆಲಸದ ಹೆಸರು ಹಾಕಿ, ಪ್ರಾಂತ್ಯ ಆರಿಸಿದರೆ ಮುಂದಿನ ಮೂರು ವರ್ಷಕ್ಕೆ ಅವಕಾಶ ಹೇಗಿದೆ ಎಂದು ಒಂದೇ ಮಾತಲ್ಲಿ ಹೇಳುತ್ತದೆ: ವೆರಿ ಗುಡ್, ಗುಡ್, ಮಾಡರೇಟ್, ಲಿಮಿಟೆಡ್, ವೆರಿ ಲಿಮಿಟೆಡ್. ಕೆಲಸ ಎಷ್ಟು ಬೆಳೆಯುತ್ತಿದೆ, ಎಷ್ಟು ಜನ ರಿಟೈರ್ ಆಗುತ್ತಾರೆ, ಎಷ್ಟು ಜನ ಕೆಲಸ ಇಲ್ಲದೆ ಕಾಯುತ್ತಿದ್ದಾರೆ ಎಂಬುದನ್ನೆಲ್ಲ ನೋಡಿ ಇದನ್ನು ಬರೆಯುತ್ತಾರೆ. ಪ್ರಾಂತ್ಯದ ಮಟ್ಟಕ್ಕೇ ನಿಲ್ಲಿಸಬೇಡಿ. ಇಡೀ ಕೆನಡಾವನ್ನು 76 ಆರ್ಥಿಕ ಪ್ರದೇಶಗಳಾಗಿ ಹಂಚಿದ್ದಾರೆ. ಒಂಟಾರಿಯೊ ಒಂದರಲ್ಲೇ 11 ಇವೆ: ಟೊರೊಂಟೊ, ಒಟ್ಟಾವಾ, ಹ್ಯಾಮಿಲ್ಟನ್-ನಯಾಗರಾ, ಲಂಡನ್, ವಿಂಡ್ಸರ್-ಸಾರ್ನಿಯಾ, ಈಶಾನ್ಯ, ವಾಯವ್ಯ ಹೀಗೆ. ಪ್ರಾಂತ್ಯಕ್ಕೆ ಗುಡ್ ಎಂದಿದ್ದರೂ ನೀವು ಹೋಗುವ ಪ್ರದೇಶಕ್ಕೆ ಬೇರೆ ಮಾತೇ ಇರಬಹುದು. ಜನ ಕಡಿಮೆ ಇರುವ ಪ್ರದೇಶಗಳಿಗೆ ಮಾಹಿತಿ ಸಾಲದೆ ಏನೂ ಬರೆದಿರುವುದಿಲ್ಲ. ಅದನ್ನು ಕೆಲಸ ಇಲ್ಲ ಎಂದು ಓದಬೇಡಿ.

ಇಲ್ಲಿ ಒಂದು ತೊಡಕಿದೆ. 31204 ಎಂಬ ಕೋಡಿನೊಳಗೆ ಕಿನೀಸಿಯಾಲಜಿಸ್ಟ್ ಒಬ್ಬರೇ ಇಲ್ಲ. ಅಥ್ಲೆಟಿಕ್ ಥೆರಪಿಸ್ಟ್, ಮ್ಯೂಸಿಕ್ ಥೆರಪಿಸ್ಟ್, ಆರ್ಟ್ ಥೆರಪಿಸ್ಟ್, ಡಾನ್ಸ್ ಥೆರಪಿಸ್ಟ್, ವೃದ್ಧಾಶ್ರಮಗಳಲ್ಲಿ ಕೆಲಸ ಮಾಡುವ ರಿಕ್ರಿಯೇಷನ್ ಥೆರಪಿಸ್ಟ್ ಎಲ್ಲರೂ ಒಂದೇ ಗುಂಪಿನಲ್ಲಿದ್ದಾರೆ. ಅಲ್ಲಿ ಕಾಣುವ ಸಂಬಳವೂ ಇವರೆಲ್ಲರದ್ದೂ ಸೇರಿದ್ದು. ಹಾಗಾಗಿ ಜಾಬ್ ಬ್ಯಾಂಕ್ ಹೇಳುವುದನ್ನು ಮೊದಲ ಸುಳಿವು ಎಂದಷ್ಟೇ ತೆಗೆದುಕೊಳ್ಳಿ. ನಿಜವಾದ ಹುಡುಕಾಟ ಮುಂದಿನ ಹೆಜ್ಜೆಯಲ್ಲಿದೆ.

ಹೆಜ್ಜೆ 3: ಬಿಲ್ ಯಾರು ಕಟ್ಟುತ್ತಾರೆ ಎಂದು ಪ್ರಾಂತ್ಯವಾರು ನೋಡಿ

ಕೆನಡಾದಲ್ಲಿ ಆಸ್ಪತ್ರೆ, ಡಾಕ್ಟರ್ ಖರ್ಚು ಸರ್ಕಾರದ್ದು ಎಂದು ನಮಗೆಲ್ಲ ಗೊತ್ತು. ಆದರೆ ಆಸ್ಪತ್ರೆಯ ಹೊರಗೆ ಕ್ಲಿನಿಕ್‌ನಲ್ಲಿ ಮಾಡಿಸುವ ವ್ಯಾಯಾಮ ಚಿಕಿತ್ಸೆ ಅದರಲ್ಲಿ ಬಹುಪಾಲು ಬರುವುದಿಲ್ಲ. ಅದರ ದುಡ್ಡು ಬರುವುದು ಮುಖ್ಯವಾಗಿ ಮೂರು ಕಡೆಯಿಂದ: ವಾಹನ ವಿಮೆ, ಕೆಲಸದಲ್ಲಿ ಗಾಯಗೊಂಡವರಿಗೆ ಸಿಗುವ ಕಾರ್ಮಿಕ ಪರಿಹಾರ ಮಂಡಳಿ, ಮತ್ತು ಕಂಪನಿಗಳು ತಮ್ಮ ನೌಕರರಿಗೆ ಕೊಡುವ ಖಾಸಗಿ ಆರೋಗ್ಯ ವಿಮೆ. ಇದರಲ್ಲಿ ವಾಹನ ವಿಮೆಯ ನಿಯಮ ಪ್ರಾಂತ್ಯದಿಂದ ಪ್ರಾಂತ್ಯಕ್ಕೆ ಬೇರೆ. ಅಲ್ಲೇ ಆಟ ಬದಲಾಗುತ್ತದೆ.

ಬ್ರಿಟಿಷ್ ಕೊಲಂಬಿಯಾದಿಂದ ಶುರು ಮಾಡುತ್ತೇನೆ. ಇಡೀ ವಿಷಯ ಅರ್ಥವಾಗಲು ಇದಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಅಲ್ಲಿ ವಾಹನ ವಿಮೆಯ ಮೂಲ ಭಾಗ ಸರ್ಕಾರಿ ಸಂಸ್ಥೆಯಾದ ಐಸಿಬಿಸಿ ಕೈಯಲ್ಲಿದೆ. 2019ರ ಏಪ್ರಿಲ್ 1ರಿಂದ ಅಪಘಾತವಾದ ಮೊದಲ 12 ವಾರಗಳಲ್ಲಿ ಕೆಲವು ಚಿಕಿತ್ಸೆಗಳಿಗೆ ಮುಂಚಿತವಾಗಿಯೇ ಒಪ್ಪಿಗೆ ಇದೆ. ಫಿಸಿಯೋ 25 ಸಲ, ಮಸಾಜ್ 12 ಸಲ, ಕಿನೀಸಿಯಾಲಜಿ 12 ಸಲ. ಡಾಕ್ಟರ್ ಚೀಟಿಗೂ ಕಾಯಬೇಕಾಗಿಲ್ಲ. ಯೋಚಿಸಿ, ಅಪಘಾತವಾದ ಪ್ರತಿಯೊಬ್ಬರಿಗೂ ಕಿನೀಸಿಯಾಲಜಿಸ್ಟ್ ಹತ್ತಿರ 12 ಸಲ ಹೋಗುವ ಹಕ್ಕನ್ನು ನಿಯಮವೇ ಕೊಟ್ಟಿದೆ. 2021ರ ಮೇ ತಿಂಗಳಿಂದ ಕೋರ್ಟಿಗೆ ಹೋಗಿ ಪರಿಹಾರ ಕೇಳುವ ದಾರಿಯನ್ನು ಬಹುಪಾಲು ಮುಚ್ಚಿ, ಅದರ ಬದಲು ಚಿಕಿತ್ಸೆ ಮತ್ತು ಆರೈಕೆಗೆ ದುಡ್ಡು ಕೊಡುವ ಪದ್ಧತಿ ತಂದರು. ಹೀಗಾಗಿ ಲೋವರ್ ಮೇನ್‌ಲ್ಯಾಂಡ್‌ನ ಸರ್ರೆ, ಬರ್ನಬಿ, ವ್ಯಾಂಕೂವರ್ ಸುತ್ತ ಆಕ್ಟಿವ್ ರಿಹ್ಯಾಬ್ (ವ್ಯಾಯಾಮ ಮಾಡಿಸಿ ಚೇತರಿಸುವಂತೆ ಮಾಡುವುದು) ಎಂಬ ಹೆಸರಲ್ಲೇ ಈ ಕೆಲಸ ನಡೆಯುತ್ತದೆ. ಜಾಹೀರಾತು ಹುಡುಕುವಾಗ ಆ ಎರಡು ಪದ ಹಾಕಿ.

ಅಲ್ಲಿ ಕಿನೀಸಿಯಾಲಜಿಸ್ಟ್‌ಗೆ ಸರ್ಕಾರಿ ಲೈಸೆನ್ಸ್ ಇಲ್ಲ. ಆದರೆ ಪ್ರಾಂತ್ಯದ ಕಿನೀಸಿಯಾಲಜಿಸ್ಟ್‌ಗಳ ಸಂಘವಾದ ಬಿಸಿಎಕೆ ಸದಸ್ಯತ್ವ ಇಲ್ಲದಿದ್ದರೆ ವಿಮೆಯ ಬಿಲ್ ಹಾಕುವುದು ಕಷ್ಟ. ಕಾನೂನು ಕೇಳದಿದ್ದರೂ ಬಿಲ್ ಕಟ್ಟುವವರು ಕೇಳುತ್ತಾರೆ. ನಿಮ್ಮ ಡಿಗ್ರಿಯನ್ನು ಅವರು ಒಪ್ಪುತ್ತಾರಾ ಎಂದು ವಿಮಾನದ ಟಿಕೆಟ್ ಬುಕ್ ಮಾಡುವ ಮೊದಲೇ ಅವರಿಗೆ ಬರೆದು ಕೇಳಿ. ವ್ಯಾಂಕೂವರ್‌ನ ಮನೆ ಬಾಡಿಗೆ ದೇಶದಲ್ಲೇ ದುಬಾರಿ ಸಾಲಿನದು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಿರಿ.

ಒಂಟಾರಿಯೊ ಇನ್ನೊಂದು ಥರ. ಇಲ್ಲಿ ಕಿನೀಸಿಯಾಲಜಿ ಕಾನೂನಿನಡಿ ಬರುವ ವೃತ್ತಿ. 2007ರಲ್ಲಿ ಕಾಯಿದೆ ಆಯಿತು. 2013ರ ಏಪ್ರಿಲ್ 1ರಿಂದ ಕಾಲೇಜ್ ಆಫ್ ಕಿನೀಸಿಯಾಲಜಿಸ್ಟ್ಸ್ ಆಫ್ ಒಂಟಾರಿಯೊ ಕೆಲಸ ಶುರು ಮಾಡಿತು. ಹೆಸರಲ್ಲಿ ಕಾಲೇಜ್ ಇದ್ದರೂ ಅದು ಪಾಠ ಹೇಳುವುದಿಲ್ಲ. ನಮ್ಮ ಮೆಡಿಕಲ್ ಕೌನ್ಸಿಲ್ ಥರ ನೋಂದಣಿ ಮಾಡುವ ಸಂಸ್ಥೆ. ಅಲ್ಲಿ ನೋಂದಣಿ ಆಗದವರು ಕಿನೀಸಿಯಾಲಜಿಸ್ಟ್ ಎಂದು ಬೋರ್ಡ್ ಹಾಕುವ ಹಾಗಿಲ್ಲ, ವಿಸಿಟಿಂಗ್ ಕಾರ್ಡ್‌ನಲ್ಲೂ ಬರೆಯುವ ಹಾಗಿಲ್ಲ. ವಾಹನ ವಿಮೆ ಖಾಸಗಿ ಕಂಪನಿಗಳದ್ದು. ಸಣ್ಣ ಗಾಯ ಎಂದು ತೀರ್ಮಾನವಾದರೆ ಚಿಕಿತ್ಸೆಗೆ 3,500 ಡಾಲರ್ ಮಿತಿ. ಅದರೊಳಗೇ ಫಿಸಿಯೋ, ಮಸಾಜ್, ಕಿನೀಸಿಯಾಲಜಿ ಎಲ್ಲ ಹಂಚಿಹೋಗಬೇಕು. ಟೊರೊಂಟೊ ಸುತ್ತಲಿನ ಕ್ಲಿನಿಕ್‌ಗಳು ಕಿನೀಸಿಯಾಲಜಿಸ್ಟ್‌ಗೆ ಜಾಸ್ತಿ ಗಂಟೆ ಕೊಡಲು ಹಿಂದೆಮುಂದೆ ನೋಡುವುದಕ್ಕೆ ಇದೂ ಒಂದು ಕಾರಣ. 2026ರ ಜುಲೈ 1ರಿಂದ ಒಂಟಾರಿಯೊದಲ್ಲಿ ವಾಹನ ವಿಮೆಯ ಹಲವು ಸೌಲಭ್ಯಗಳು ಐಚ್ಛಿಕ ಆಗುತ್ತವೆ. ವೈದ್ಯಕೀಯ, ರಿಹ್ಯಾಬ್ ಮತ್ತು ಆರೈಕೆಯ ಭಾಗ ಮಾತ್ರ ಕಡ್ಡಾಯವಾಗಿ ಉಳಿಯುತ್ತದೆ. ನಮ್ಮ ಕೆಲಸದ ದುಡ್ಡು ಬರುವುದು ಆ ಭಾಗದಿಂದಲೇ, ಹಾಗಾಗಿ ಸುಮ್ನೆ ಹೆದರಬೇಕಾಗಿಲ್ಲ.

ಒಂಟಾರಿಯೊದಲ್ಲಿ ವಿಮೆಯ ಕ್ಲಿನಿಕ್ ಬಿಟ್ಟು ಬೇರೆ ಬಾಗಿಲುಗಳೂ ಇವೆ. ಹೃದಯ ಕಾಯಿಲೆಯವರಿಗೆ ವ್ಯಾಯಾಮ ಕಲಿಸುವ ಕಾರ್ಡಿಯಾಕ್ ರಿಹ್ಯಾಬ್, ಡಯಾಬಿಟಿಸ್ ಕೇಂದ್ರಗಳು, ಡಾಕ್ಟರ್, ನರ್ಸ್ ಎಲ್ಲ ಒಟ್ಟಿಗೆ ಕೆಲಸ ಮಾಡುವ ಫ್ಯಾಮಿಲಿ ಹೆಲ್ತ್ ಟೀಮ್‌ಗಳು, ಹಿರಿಯರ ಲಾಂಗ್ ಟರ್ಮ್ ಕೇರ್ ಮನೆಗಳು, ಕಾರ್ಖಾನೆಗಳ ಎರ್ಗೊನಾಮಿಕ್ಸ್ (ಕೆಲಸದ ಜಾಗವನ್ನು ಮೈಗೆ ಹೊಂದುವಂತೆ ಸರಿಪಡಿಸುವ) ಕೆಲಸ. ಇವುಗಳಲ್ಲಿ ಸಂಬಳ ಸ್ಥಿರ, ರಜೆ, ವಿಮೆ ಎಲ್ಲ ಇರುತ್ತದೆ. ಹಾಗಾಗಿ ಪೈಪೋಟಿಯೂ ಜಾಸ್ತಿ. ಟೊರೊಂಟೊ, ಯಾರ್ಕ್, ಮೆಕ್‌ಮಾಸ್ಟರ್, ಬ್ರಾಕ್, ವಾಟರ್‌ಲೂ, ಗ್ವೆಲ್ಫ್-ಹಂಬರ್ ಇಷ್ಟೂ ಕಡೆಯಿಂದ ಪ್ರತಿವರ್ಷ ಕಿನೀಸಿಯಾಲಜಿ ಓದಿದವರು ಹೊರಗೆ ಬರುತ್ತಾರೆ. ಅದರ ಮೇಲೆ ಲೈಸೆನ್ಸ್‌ಗೆ ಕಾಯುತ್ತಿರುವ ಹೊರದೇಶದ ಫಿಸಿಯೋಗಳು. ಎಲ್ಲರೂ ಟೊರೊಂಟೊ ಪಕ್ಕದ ಬ್ರಾಂಪ್ಟನ್, ಮಿಸಿಸಾಗಾದಲ್ಲೇ ಇರಬೇಕು ಎಂದರೆ ಹೇಗೆ?

ಕನ್ನಡಿಗರಿಗೆ ಅಲ್ಲಿ ಒಂದು ಅನುಕೂಲ ಇದೆ ಎಂಬುದೂ ನಿಜ. ಆ ಊರುಗಳಲ್ಲಿ ಹಿಂದಿ, ಪಂಜಾಬಿ, ಉರ್ದು, ತಮಿಳು ಮಾತಾಡುವ ವಯಸ್ಸಾದ ರೋಗಿಗಳು ತುಂಬಾ ಜನ ಇದ್ದಾರೆ. ಬೆಂಗಳೂರಲ್ಲಿ ಬೆಳೆದವರು ಮೂರ್ನಾಲ್ಕು ಭಾಷೆ ಸಲೀಸಾಗಿ ಆಡುತ್ತಾರೆ ಅಲ್ವಾ? ಅದನ್ನು ರೆಸ್ಯೂಮೆಯ ಕೊನೆಯಲ್ಲಿ ಹವ್ಯಾಸದ ಪಕ್ಕ ಹಾಕಬೇಡಿ. ಮೇಲೆ, ಕಣ್ಣಿಗೆ ಬೀಳುವಲ್ಲಿ ಹಾಕಿ.

ಉತ್ತರ ಒಂಟಾರಿಯೊದ ಸಡ್‌ಬರಿ, ಥಂಡರ್ ಬೇ ಕಡೆ ನೋಡಿ ಎಂದು ನಾನು ಹೇಳುತ್ತೇನೆ. ಚಳಿ ಜೋರು, ನಮ್ಮವರು ಕಡಿಮೆ, ನಿಜ. ಆದರೆ ಸಡ್‌ಬರಿ ಗಣಿಗಳ ಊರು. ಗಣಿ ಇರುವಲ್ಲಿ ಕೆಲಸದ ಗಾಯ ಇರುತ್ತದೆ, ಕೆಲಸಕ್ಕೆ ಮರಳಿಸುವ ರಿಹ್ಯಾಬ್ ಇರುತ್ತದೆ, ಬಿಲ್ ಕಟ್ಟಲು ಡಬ್ಲ್ಯುಎಸ್‌ಐಬಿ ಎಂಬ ಮಂಡಳಿ ಇರುತ್ತದೆ. 2025ರಲ್ಲಿ ಶುರುವಾದ ರೂರಲ್ ಕಮ್ಯುನಿಟಿ ಇಮಿಗ್ರೇಶನ್ ಪೈಲಟ್ (ಚಿಕ್ಕ ಊರುಗಳಲ್ಲಿ ಕೆಲಸ ಸಿಕ್ಕವರಿಗೆ ಪಿಆರ್ ದಾರಿ) ಯೋಜನೆಯಲ್ಲಿ ಈ ಎರಡೂ ಊರುಗಳಿವೆ. ಮ್ಯಾನಿಟೋಬಾದ ಬ್ರ್ಯಾಂಡನ್, ಸಸ್ಕಾಚೆವಾನ್‌ನ ಮೂಸ್ ಜಾ ಕೂಡ ಇವೆ. ಯಾವ ಕೆಲಸದವರು ಬೇಕು ಎಂದು ಪ್ರತಿ ಊರೂ ತನ್ನದೇ ಪಟ್ಟಿ ಮಾಡುತ್ತದೆ. ಆ ಪಟ್ಟಿಯಲ್ಲಿ 31204 ಅಥವಾ 31202 ಇದೆಯಾ ಎಂದು ಊರಿನ ತಾಣದಲ್ಲೇ ನೋಡಬಹುದು.

ಕ್ವಿಬೆಕ್ ಬಗ್ಗೆ ಚಿಕ್ಕದಾಗಿ ಹೇಳುತ್ತೇನೆ. ಅಲ್ಲಿ ಸರ್ಕಾರಿ ಆರೋಗ್ಯ ವ್ಯವಸ್ಥೆಯೊಳಗೇ ಕಿನೀಸಿಯಾಲಜಿಸ್ಟ್ ಹುದ್ದೆಗಳಿವೆ. ಲಾವಾಲ್, ಮಾಂಟ್ರಿಯಲ್, ಶೆರ್‌ಬ್ರೂಕ್ ಯೂನಿವರ್ಸಿಟಿಗಳಲ್ಲಿ ಇದರ ಓದು ಗಟ್ಟಿ. ಆದರೆ ರೋಗಿಯ ಜೊತೆ ದಿನವಿಡೀ ಮಾತಾಡುವ ಕೆಲಸ ಇದು. ಫ್ರೆಂಚ್ ಚೆನ್ನಾಗಿ ಬಾರದಿದ್ದರೆ ಆ ಬಾಗಿಲು ತೆರೆಯುವುದಿಲ್ಲ. ಬರುತ್ತದೆ ಎಂದಾದರೆ ಕ್ವಿಬೆಕ್ ಜೊತೆ ನ್ಯೂ ಬ್ರನ್ಸ್‌ವಿಕ್ ಕೂಡ ನೋಡಿ. ಎರಡೂ ಭಾಷೆ ಅಧಿಕೃತವಾಗಿರುವ ಪ್ರಾಂತ್ಯ ಅದೊಂದೇ.

ಆಲ್ಬರ್ಟಾದಲ್ಲಿ ತೈಲ ಉದ್ಯಮ ಮುಖ್ಯ. ಕೆಲಸಕ್ಕೆ ಸೇರುವ ಮುನ್ನ ದೈಹಿಕ ಸಾಮರ್ಥ್ಯ ಪರೀಕ್ಷೆ, ಗಾಯವಾದವರನ್ನು ವಾಪಸ್ ಕೆಲಸಕ್ಕೆ ತಯಾರು ಮಾಡುವುದು ಇವೆಲ್ಲ ಎಡ್ಮಂಟನ್, ಕ್ಯಾಲ್ಗರಿ, ಫೋರ್ಟ್ ಮೆಕ್‌ಮರಿ ಕಡೆ ನಡೆಯುತ್ತವೆ. ಎಣ್ಣೆ ಬೆಲೆ ಬಿದ್ದಾಗ ಕಂಪನಿಗಳು ಕೈ ಬಿಗಿ ಹಿಡಿಯುತ್ತವೆ, ಆಗ ಈ ಕೆಲಸವೂ ತಗ್ಗುತ್ತದೆ. ಒಂದು ದೊಡ್ಡ ಬದಲಾವಣೆ ಬರಲಿದೆ. 2027ರ ಜನವರಿಯಿಂದ ಆಲ್ಬರ್ಟಾ ಕೂಡ ವಾಹನ ವಿಮೆಯಲ್ಲಿ ಕೋರ್ಟಿನ ಬದಲು ಚಿಕಿತ್ಸೆಗೆ ಒತ್ತು ಕೊಡುವ ಹೊಸ ಪದ್ಧತಿಗೆ ಹೋಗುತ್ತಿದೆ. ಬ್ರಿಟಿಷ್ ಕೊಲಂಬಿಯಾದಲ್ಲಿ ಆದದ್ದು ನೋಡಿದರೆ ಇದು ರಿಹ್ಯಾಬ್ ಕೆಲಸಗಾರರಿಗೆ ಒಳ್ಳೆಯ ಸುದ್ದಿ ಎಂದೇ ನನ್ನ ಅನಿಸಿಕೆ. ಆದರೆ ಕಿನೀಸಿಯಾಲಜಿ ಎಂಬ ಪದ ಅಂತಿಮ ನಿಯಮಗಳಲ್ಲಿ ಬರುತ್ತದೆಯಾ ಎಂಬುದೇ ಎಲ್ಲವನ್ನೂ ತೀರ್ಮಾನಿಸುತ್ತದೆ. ಆಲ್ಬರ್ಟಾಕ್ಕೆ ಹೋಗುವ ಯೋಚನೆ ಇದ್ದರೆ ಆ ನಿಯಮಗಳನ್ನು ತಪ್ಪದೆ ಓದಿ.

ಸಸ್ಕಾಚೆವಾನ್, ಮ್ಯಾನಿಟೋಬಾದಲ್ಲಿ ವಾಹನ ವಿಮೆ ಸರ್ಕಾರದ ಕೈಯಲ್ಲಿದೆ, ಮಾರುಕಟ್ಟೆ ಚಿಕ್ಕದು, ಬಾಡಿಗೆ ಕಡಿಮೆ. ನೋವಾ ಸ್ಕೋಷಿಯಾ, ನ್ಯೂಫೌಂಡ್‌ಲ್ಯಾಂಡ್ ಕಡೆ ವಯಸ್ಸಾದವರು ಜಾಸ್ತಿ ಇದ್ದರೂ ಹುದ್ದೆಗಳ ಸಂಖ್ಯೆ ಕಡಿಮೆ. ಅಲ್ಲಿ ಒಂದು ಒಳ್ಳೆಯ ಹುದ್ದೆ ಸಿಕ್ಕರೆ ಹೋಗಿ. ಹುದ್ದೆ ಇಲ್ಲದೆ ಹುಡುಕೋಣ ಎಂದು ಹೋಗಬೇಡಿ.

ಹೆಜ್ಜೆ 4: ಜಾಹೀರಾತುಗಳನ್ನು ನೀವೇ ಎಣಿಸಿ

ಎರಡು ಮೂರು ಊರು ಆರಿಸಿಕೊಂಡಾಯಿತು ಅಂದುಕೊಳ್ಳಿ. ಈಗ ಒಂದು ತಿಂಗಳು, ವಾರಕ್ಕೊಂದು ದಿನ, ಜಾಬ್ ಬ್ಯಾಂಕ್, ಇಂಡೀಡ್, ಲಿಂಕ್ಡ್‌ಇನ್ ಮೂರೂ ಕಡೆ ಆ ಊರಿನ ಜಾಹೀರಾತು ನೋಡಿ ಒಂದು ಹಾಳೆಯಲ್ಲಿ ಬರೆಯುತ್ತಾ ಹೋಗಿ. ಕಿನೀಸಿಯಾಲಜಿಸ್ಟ್ ಎಂಬ ಒಂದೇ ಪದ ಹಾಕಿದರೆ ಅರ್ಧ ಕೆಲಸಗಳು ಕಾಣುವುದೇ ಇಲ್ಲ. ಎಕ್ಸರ್‌ಸೈಜ್ ಥೆರಪಿಸ್ಟ್, ರಿಹ್ಯಾಬ್ ಥೆರಪಿಸ್ಟ್, ಎಕ್ಸರ್‌ಸೈಜ್ ಫಿಸಿಯಾಲಜಿಸ್ಟ್, ರಿಟರ್ನ್ ಟು ವರ್ಕ್ ಸ್ಪೆಷಲಿಸ್ಟ್, ಎರ್ಗೊನಾಮಿಕ್ಸ್ ಸ್ಪೆಷಲಿಸ್ಟ್ ಎಂದೂ ಹುಡುಕಿ.

ಸಂಖ್ಯೆಗಿಂತ ಮುಖ್ಯವಾದ ಕೆಲವು ಸಂಗತಿ ಗಮನಿಸಿ. ಪೂರ್ಣಾವಧಿಯೋ, ವಾರಕ್ಕೆ ಎರಡು ಸಂಜೆ ಮಾತ್ರವೋ? ಗಂಟೆಗೆ ಸಂಬಳವೋ, ರೋಗಿ ಬಂದರೆ ಮಾತ್ರ ಪಾಲೋ? ರೋಗಿಯ ಮನೆಗೆ ಹೋಗಬೇಕಾ? ಹೋಗಬೇಕು ಎಂದಾದರೆ ಕಾರು ಮತ್ತು ಆ ಪ್ರಾಂತ್ಯದ ಲೈಸೆನ್ಸ್ ಇಲ್ಲದೆ ಆಗದು. ಇನ್ನು ಒಂದೇ ಕ್ಲಿನಿಕ್ ತಿಂಗಳಲ್ಲಿ ಮತ್ತೆ ಮತ್ತೆ ಅದೇ ಹುದ್ದೆಗೆ ಜಾಹೀರಾತು ಹಾಕುತ್ತಿದ್ದರೆ ಅಲ್ಲಿ ಜನ ನಿಲ್ಲುತ್ತಿಲ್ಲ ಎಂದು ಊಹಿಸಬಹುದು.

ಹೆಜ್ಜೆ 5: ನೋಂದಣಿ ಕೆಲಸ ಬೇಗ ಶುರು ಮಾಡಿ

ಒಂಟಾರಿಯೊಗೆ ಹೋಗುವವರು ಮೇಲೆ ಹೇಳಿದ ನೋಂದಣಿ ಕಾಲೇಜಿಗೆ ಅರ್ಜಿ ಹಾಕಬೇಕು. ಕಿನೀಸಿಯಾಲಜಿ ಡಿಗ್ರಿ ಅಥವಾ ಅದಕ್ಕೆ ಸರಿಸಮನಾದ ಓದು ಬೇಕು ಎಂಬುದು ನಿಯಮ. ಹೊರದೇಶದ ಡಿಗ್ರಿಯನ್ನು ಮೊದಲು ವಿಶ್ಲೇಷಣೆ ಮಾಡಿಸಿ, ನಂತರ ವಿಷಯವಾರು ಹೋಲಿಸುತ್ತಾರೆ. ಬಿಪಿಟಿಯಲ್ಲಿ ಅನಾಟಮಿ, ಫಿಸಿಯಾಲಜಿ, ಬಯೋಮೆಕಾನಿಕ್ಸ್, ಎಕ್ಸರ್‌ಸೈಜ್ ಥೆರಪಿ ಎಲ್ಲ ಇರುವುದರಿಂದ ನಮ್ಮವರು ಅನೇಕರು ಈ ದಾರಿಯಲ್ಲಿ ಹೋಗಿದ್ದಾರೆ. ಅದು ಮುಗಿದ ಮೇಲೆ ಪ್ರವೇಶ ಪರೀಕ್ಷೆ, ಕಾನೂನು ಮತ್ತು ನೀತಿಯ ಬಗ್ಗೆ ಒಂದು ಭಾಗ, ವೃತ್ತಿ ವಿಮೆ, ಪೊಲೀಸ್ ತಪಾಸಣೆ. ಪರೀಕ್ಷೆ ವರ್ಷವಿಡೀ ನಡೆಯುವುದಿಲ್ಲ. ಒಂದು ಸಲ ದಿನಾಂಕ ತಪ್ಪಿದರೆ ತಿಂಗಳುಗಟ್ಟಲೆ ಕಾಯಬೇಕು. ಆದ್ದರಿಂದ ದಿನಾಂಕವನ್ನು ಮೊದಲು ನೋಡಿ, ಕಾಗದಪತ್ರದ ಕೆಲಸವನ್ನು ಅದಕ್ಕೆ ತಕ್ಕಂತೆ ಹಿಂದಿನಿಂದ ಲೆಕ್ಕ ಹಾಕಿ.

ಪರೀಕ್ಷೆಯ ಜ್ಞಾನ ಭಾಗ ಬಿಪಿಟಿಯವರಿಗೆ ಕಷ್ಟವಲ್ಲ. ತಡವರಿಸುವುದು ಬೇರೆ ಕಡೆ. ರೋಗಿಯ ಒಪ್ಪಿಗೆ ಹೇಗೆ ಪಡೆಯಬೇಕು, ಮಾಹಿತಿ ಯಾರಿಗೆ ಹೇಳಬಹುದು, ಫೈಲ್‌ನಲ್ಲಿ ಏನು ಬರೆಯಬೇಕು ಎಂಬಲ್ಲಿ ಅಲ್ಲಿನ ರೀತಿಯೇ ಬೇರೆ. ನಮ್ಮೂರಲ್ಲಿ ಮಗನೋ ಸೊಸೆಯೋ ಪಕ್ಕದಲ್ಲಿ ನಿಂತು ಎಲ್ಲ ಕೇಳುತ್ತಾರೆ, ನಾವೂ ಅವರಿಗೇ ಹೇಳುತ್ತೇವೆ. ಅಲ್ಲಿ ರೋಗಿಯ ಒಪ್ಪಿಗೆ ಇಲ್ಲದೆ ಮನೆಯವರಿಗೂ ಹೇಳುವ ಹಾಗಿಲ್ಲ. ಈ ಭಾಗವನ್ನು ಚೆನ್ನಾಗಿ ಓದಿಕೊಳ್ಳಿ.

ಬೇರೆ ಪ್ರಾಂತ್ಯಗಳಲ್ಲಿ ಸಂಘದ ಸದಸ್ಯತ್ವ ಸಾಕಾಗುತ್ತದೆ. ಅದರ ಜೊತೆ ಸಿಎಸ್‌ಇಪಿ ಎಂಬ ವ್ಯಾಯಾಮ ವಿಜ್ಞಾನ ಸಂಸ್ಥೆಯ ಕ್ಲಿನಿಕಲ್ ಎಕ್ಸರ್‌ಸೈಜ್ ಫಿಸಿಯಾಲಜಿಸ್ಟ್ ಪ್ರಮಾಣಪತ್ರ ಇದ್ದರೆ ಹೃದಯ ರಿಹ್ಯಾಬ್ ಕಡೆ ಬೆಲೆ ಇದೆ.

ಹೆಜ್ಜೆ 6: ಸಹಿ ಹಾಕುವ ಮುನ್ನ ಒಪ್ಪಂದ ಓದಿ

ಈ ಭಾಗವನ್ನು ದಯವಿಟ್ಟು ಎರಡು ಸಲ ಓದಿ. ಪಿಆರ್ ಕನಸು ಇಲ್ಲೇ ಕೈತಪ್ಪುವುದುಂಟು.

ತುಂಬಾ ಕ್ಲಿನಿಕ್‌ಗಳು ಕಿನೀಸಿಯಾಲಜಿಸ್ಟ್‌ಗಳನ್ನು ನೌಕರರಾಗಿ ತೆಗೆದುಕೊಳ್ಳುವುದಿಲ್ಲ. ಇಂಡಿಪೆಂಡೆಂಟ್ ಕಾಂಟ್ರಾಕ್ಟರ್ ಎಂದು ತೆಗೆದುಕೊಳ್ಳುತ್ತವೆ. ಕೈಗೆ ಬರುವ ದುಡ್ಡು ಮೊದಲ ನೋಟಕ್ಕೆ ಜಾಸ್ತಿ ಕಾಣುತ್ತದೆ. ಆದರೆ ರಜೆಯ ಸಂಬಳ ಇಲ್ಲ, ಕೆಲಸ ಹೋದರೆ ನಿರುದ್ಯೋಗ ವಿಮೆ ಇಲ್ಲ, ತೆರಿಗೆ ನೀವೇ ಕಟ್ಟಬೇಕು. ಇದಕ್ಕಿಂತ ದೊಡ್ಡ ಪೆಟ್ಟು ಇನ್ನೊಂದಿದೆ. ಕೆನಡಿಯನ್ ಎಕ್ಸ್‌ಪೀರಿಯೆನ್ಸ್ ಕ್ಲಾಸ್ (ಕೆನಡಾದಲ್ಲಿ ಕೆಲಸ ಮಾಡಿದ ಅನುಭವದ ದಾರಿ) ಮೂಲಕ ಪಿಆರ್ ಕೇಳುವಾಗ ಸ್ವಂತ ಉದ್ಯೋಗದ ಅನುಭವ ಲೆಕ್ಕಕ್ಕೆ ಬರುವುದಿಲ್ಲ. ಕಾಂಟ್ರಾಕ್ಟರ್ ಎಂದರೆ ಸ್ವಂತ ಉದ್ಯೋಗವೇ. ವರ್ಷಗಟ್ಟಲೆ ದುಡಿದು ಕೊನೆಗೆ ಅದು ಎಣಿಕೆಗೇ ಇಲ್ಲ ಎಂದಾದರೆ?

ನೌಕರರೋ ಅಲ್ಲವೋ ಎಂದು ತಿಳಿಯಲು ಸುಲಭದ ಗುರುತು ಸಂಬಳದ ಚೀಟಿ. ಅದರಲ್ಲಿ ಪಿಂಚಣಿ ಮತ್ತು ನಿರುದ್ಯೋಗ ವಿಮೆಯ ಕಡಿತ ಇದ್ದು, ವರ್ಷದ ಕೊನೆಗೆ ಟಿ4 ಚೀಟಿ ಕೊಡುತ್ತಾರೆ ಎಂದರೆ ನೀವು ನೌಕರ. ಟಿ4ಎ ಕೊಡುತ್ತೇವೆ ಅಥವಾ ನೀವೇ ಬಿಲ್ ಬರೆದು ಕೊಡಿ ಎಂದರೆ ಅಲ್ಲ. ಸಂದರ್ಶನದಲ್ಲೇ ಕೇಳಿ. ಕೇಳಿದರೆ ಅವರು ಬೇಜಾರು ಮಾಡಿಕೊಳ್ಳುವುದಿಲ್ಲ, ಅಲ್ಲಿ ಇದು ಮಾಮೂಲಿ ಪ್ರಶ್ನೆ.

ಗಂಟೆಗಳ ಲೆಕ್ಕವೂ ಇರಲಿ. ಒಂದು ವರ್ಷದ ಅನುಭವ ಎಂದರೆ 1,560 ಗಂಟೆ. ವಾರಕ್ಕೆ 30 ಗಂಟೆಗಿಂತ ಜಾಸ್ತಿ ಮಾಡಿದ್ದನ್ನು ಎಣಿಸುವುದಿಲ್ಲ. ಎರಡು ಕ್ಲಿನಿಕ್‌ಗಳಲ್ಲಿ 15 ಗಂಟೆಯಂತೆ ಮಾಡಿ 30 ತುಂಬಿಸಬಹುದು. ಪೂರ್ಣಾವಧಿ ವಿದ್ಯಾರ್ಥಿಯಾಗಿದ್ದಾಗ ಮಾಡಿದ ಕೆಲಸ ಈ ಎಣಿಕೆಗೆ ಬರುವುದಿಲ್ಲ. ಅನುಭವ ಪತ್ರದಲ್ಲಿ ಹುದ್ದೆಯ ಹೆಸರಿಗಿಂತ ಮಾಡಿದ ಕೆಲಸದ ವಿವರ ಮುಖ್ಯ. ಹೆಸರು ಕಿನೀಸಿಯಾಲಜಿಸ್ಟ್ ಎಂದಿದ್ದು, ವಿವರದಲ್ಲಿ ಹಾಸಿಗೆ ಒರೆಸುವುದು, ಫೋನ್ ಎತ್ತುವುದು, ಬಿಸಿ ಪ್ಯಾಕ್ ಇಡುವುದು ಮಾತ್ರ ಇದ್ದರೆ 31204 ಎಂದು ಒಪ್ಪುವುದು ಕಷ್ಟ. ಅಳತೆ, ವ್ಯಾಯಾಮದ ಯೋಜನೆ, ವರದಿ ಬರೆಯುವುದು ಈ ಕೆಲಸಗಳು ನಿಮ್ಮ ಪಾಲಿಗೆ ಬರುವ ಹಾಗೆ ಮೊದಲ ದಿನದಿಂದಲೇ ಕೇಳಿ ಪಡೆದುಕೊಳ್ಳಿ.

ಪಿಆರ್ ಅರ್ಜಿಗಳನ್ನು ಆರಿಸುವ ಸರ್ಕಾರಿ ವ್ಯವಸ್ಥೆಯಾದ ಎಕ್ಸ್‌ಪ್ರೆಸ್ ಎಂಟ್ರಿಯಲ್ಲಿ 2023ರಲ್ಲಿ ಆರೋಗ್ಯ ಕ್ಷೇತ್ರದವರಿಗೆ ಪ್ರತ್ಯೇಕ ಡ್ರಾ (ಆಯ್ಕೆ ಸುತ್ತು) ಶುರು ಮಾಡಿದಾಗ ಆ ಪಟ್ಟಿಯಲ್ಲಿ 31204 ಕೂಡ ಇತ್ತು. ಈ ಪಟ್ಟಿಗಳನ್ನು ಬದಲಿಸುತ್ತಿರುತ್ತಾರೆ. ನೀವು ಅರ್ಜಿ ಹಾಕುವ ವಾರ ಸರ್ಕಾರದ ತಾಣದಲ್ಲೇ ನೋಡಿ, ಏಜೆಂಟ್ ಮಾತನ್ನು ನಂಬಿ ಕೂರಬೇಡಿ. ಇನ್ನು ಎಲ್‌ಎಂಐಎ (ಹೊರದೇಶದವರನ್ನು ಕೆಲಸಕ್ಕೆ ತೆಗೆದುಕೊಳ್ಳಲು ಮಾಲೀಕರು ಸರ್ಕಾರದಿಂದ ಪಡೆಯುವ ಒಪ್ಪಿಗೆ) ಕೊಡಿಸುತ್ತೇವೆ, ಇಷ್ಟು ಸಾವಿರ ಡಾಲರ್ ಕೊಡಿ ಎನ್ನುವವರ ಹತ್ತಿರ ಹೋಗಲೇಬೇಡಿ. ಅದರ ಶುಲ್ಕವನ್ನು ಕೆಲಸಗಾರರಿಂದ ವಸೂಲಿ ಮಾಡುವುದು ಅಲ್ಲಿ ಕಾನೂನುಬಾಹಿರ.

ಹೆಜ್ಜೆ 7: ಫಿಸಿಯೋ ಲೈಸೆನ್ಸ್ ಬಿಡಬೇಡಿ

ಬಿಪಿಟಿ ಮಾಡಿದವರಿಗೆ ನನ್ನ ಗಟ್ಟಿ ಸಲಹೆ ಇದು. ಕಿನೀಸಿಯಾಲಜಿ ಕೆಲಸ ಸಿಕ್ಕಿತು ಎಂದು ಫಿಸಿಯೋ ಅರ್ಜಿಯನ್ನು ಮೂಲೆಗೆ ಹಾಕಬೇಡಿ. ಫಿಸಿಯೋಥೆರಪಿ ಎಲ್ಲ ಪ್ರಾಂತ್ಯಗಳಲ್ಲೂ ಕಾನೂನಿನಡಿ ಬರುವ ವೃತ್ತಿ. ವಿಮೆಯವರು ಅವರ ಬಿಲ್ಲನ್ನು ಎಲ್ಲ ಕಡೆ ಒಪ್ಪುತ್ತಾರೆ, ಸಂಬಳವೂ ಮೇಲಿನದು. ಡಿಗ್ರಿ ಪರಿಶೀಲನೆಯನ್ನು ಕೆನಡಿಯನ್ ಅಲಯನ್ಸ್ ಆಫ್ ಫಿಸಿಯೋಥೆರಪಿ ರೆಗ್ಯುಲೇಟರ್ಸ್ ಸಂಸ್ಥೆ ಮಾಡುತ್ತದೆ. ಇದನ್ನು ಬೆಂಗಳೂರಲ್ಲೋ ಮಂಗಳೂರಲ್ಲೋ ಕೂತೇ ಶುರು ಮಾಡಬಹುದು. ಆಕ್ಯುಪೇಷನಲ್ ಥೆರಪಿ ಓದಿದವರಿಗೆ ಅಕೋಟ್ರೊ ಎಂಬ ಸಂಸ್ಥೆಯ ಪರಿಶೀಲನೆ ಇದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಂಥ ಕಡೆ ಓದಿದ ಸ್ಪೀಚ್ ಥೆರಪಿಯವರು ತಾವು ಹೋಗುವ ಪ್ರಾಂತ್ಯದ ನಿಯಂತ್ರಣ ಸಂಸ್ಥೆಯನ್ನು ಮೊದಲು ಸಂಪರ್ಕಿಸಬೇಕು. ಇವರಿಬ್ಬರಿಗೂ ಕಿನೀಸಿಯಾಲಜಿಯ ಅಡ್ಡದಾರಿ ಹೊಂದುವುದಿಲ್ಲ. ತಮ್ಮ ವೃತ್ತಿಯನ್ನೇ ನೇರವಾಗಿ ಹಿಡಿಯುವುದು ಒಳ್ಳೆಯದು.

ಬಿಪಿಎಡ್ (ದೈಹಿಕ ಶಿಕ್ಷಣ) ಅಥವಾ ಸ್ಪೋರ್ಟ್ಸ್ ಸೈನ್ಸ್ ಓದಿದವರ ಸ್ಥಿತಿ ಬೇರೆ. ನಿಮ್ಮ ಓದಿನಲ್ಲಿ ವಿಜ್ಞಾನದ ವಿಷಯಗಳು ಕಡಿಮೆ ಇದ್ದರೆ ಒಂಟಾರಿಯೊ ಕಾಲೇಜು ಸರಿಸಮ ಎಂದು ಒಪ್ಪದೆ ಇರಬಹುದು. ಅಲ್ಲಿಯೇ ಕಿನೀಸಿಯಾಲಜಿಯಲ್ಲಿ ಮಾಸ್ಟರ್ಸ್ ಮಾಡುವುದು ಒಂದು ದಾರಿ. ಆದರೆ ಸಂಶೋಧನೆಯ ಮಾಸ್ಟರ್ಸ್ ಮಾಡಿದ ಮಾತ್ರಕ್ಕೆ ನೋಂದಣಿ ತಾನಾಗಿ ಸಿಗುತ್ತದೆ ಎಂದುಕೊಳ್ಳಬೇಡಿ. ಫೀಸ್ ಕಟ್ಟುವ ಮೊದಲು ಯೂನಿವರ್ಸಿಟಿಗೂ ನೋಂದಣಿ ಕಾಲೇಜಿಗೂ ಒಂದೇ ಪ್ರಶ್ನೆ ಕಳಿಸಿ, ಎರಡೂ ಉತ್ತರ ಹೊಂದುತ್ತವಾ ನೋಡಿ. ಯಾವುದೋ ಚಿಕ್ಕ ಕಾಲೇಜಿನ ಫಿಟ್‌ನೆಸ್ ಡಿಪ್ಲೊಮಾ ಸೇರುವ ಯೋಚನೆ ಇದ್ದರೆ ಇನ್ನೂ ಎಚ್ಚರ. 2024ರ ನವೆಂಬರ್ 1ರಿಂದ ಡಿಗ್ರಿ ಅಲ್ಲದ ಕೋರ್ಸ್‌ಗಳಿಗೆ ಓದಿನ ನಂತರದ ವರ್ಕ್ ಪರ್ಮಿಟ್ ಸಿಗಬೇಕಾದರೆ ಆ ವಿಷಯ ಸರ್ಕಾರದ ಪಟ್ಟಿಯಲ್ಲಿರಬೇಕು.

ಊರು ಬಿಡುವ ಮುನ್ನ ಮಾಡಬೇಕಾದ್ದು

ಕಾಗದಪತ್ರ ಇಲ್ಲಿದ್ದಾಗ ಮಾಡಿಸುವುದು ಸುಲಭ, ಅಲ್ಲಿಂದ ಫೋನಲ್ಲಿ ಮಾಡಿಸುವುದು ಯಾತನೆ. ಯೂನಿವರ್ಸಿಟಿಯಿಂದ ಟ್ರಾನ್ಸ್‌ಕ್ರಿಪ್ಟ್ ಎರಡು ಮೂರು ಸೆಟ್ ಸೀಲ್ ಮಾಡಿದ ಲಕೋಟೆಯಲ್ಲಿ ಪಡೆಯಿರಿ. ನೇರವಾಗಿ ಕಳಿಸಬೇಕು ಎಂದು ಕೇಳುವ ಸಂಸ್ಥೆಗಳೂ ಇವೆ, ಅದಕ್ಕೆ ಅರ್ಜಿ ಬೇರೆ. ನೀವು ಓದಿದ ವರ್ಷಗಳ ಸಿಲಬಸ್‌ನ ಪೂರ್ತಿ ಪ್ರತಿ ಬೇಕು, ಈಗಿನ ಸಿಲಬಸ್ ನಡೆಯುವುದಿಲ್ಲ. ಪ್ರತಿ ವಿಷಯಕ್ಕೆ ಎಷ್ಟು ಗಂಟೆ ಪಾಠ, ಎಷ್ಟು ಗಂಟೆ ಪ್ರಾಕ್ಟಿಕಲ್ ಎಂದು ಅದರಲ್ಲಿ ಇರಬೇಕು.

ಇಂಟರ್ನ್‌ಶಿಪ್ ಮಾಡಿದ ಆಸ್ಪತ್ರೆಯಿಂದ ಗಂಟೆಗಳ ವಿವರ ಇರುವ ಪತ್ರ ಪಡೆಯಿರಿ. ಆರ್ಥೋ ಎಷ್ಟು, ನ್ಯೂರೋ ಎಷ್ಟು, ಕಾರ್ಡಿಯೋ ಎಷ್ಟು ಎಂದು ಬೇರೆ ಬೇರೆಯಾಗಿ ಬರೆಸಿ. ಕೆಲಸ ಮಾಡಿದ್ದರೆ ಅನುಭವ ಪತ್ರದಲ್ಲಿ ವಾರದ ಗಂಟೆ, ಸಂಬಳ, ಮಾಡಿದ ಕೆಲಸ ಮೂರೂ ಇರಲಿ. ಹೆಸರು ಎಲ್ಲ ಕಡೆ ಒಂದೇ ಥರ ಇದೆಯಾ ನೋಡಿ. ನಮ್ಮಲ್ಲಿ ಇನಿಶಿಯಲ್ ಒಂದು ಕಡೆ ಮುಂದೆ, ಇನ್ನೊಂದು ಕಡೆ ಹಿಂದೆ, ಪಾಸ್‌ಪೋರ್ಟ್‌ನಲ್ಲಿ ಅಪ್ಪನ ಪೂರ್ತಿ ಹೆಸರು ಇರುವುದು ಸಾಮಾನ್ಯ. ವ್ಯತ್ಯಾಸ ಇದ್ದರೆ ಒಂದು ಅಫಿಡವಿಟ್ ಮಾಡಿಸಿಟ್ಟುಕೊಳ್ಳಿ.

ಕಾರು ಓಡಿಸುವವರು ಆರ್‌ಟಿಒ ಕಚೇರಿಯಿಂದ ಲೈಸೆನ್ಸ್ ಯಾವಾಗಿನದು ಎಂಬ ದೃಢೀಕರಣ ಪತ್ರ ತೆಗೆದುಕೊಂಡು ಹೋಗಿ. ಹಳೆಯ ಅನುಭವ ತೋರಿಸಿದರೆ ಒಂಟಾರಿಯೊದಲ್ಲಿ ಪೂರ್ಣ ಲೈಸೆನ್ಸ್‌ಗೆ ಕಾಯುವ ಸಮಯ ಉಳಿಯುತ್ತದೆ. ಮನೆಗೆ ಹೋಗಿ ಚಿಕಿತ್ಸೆ ಕೊಡುವ ಕೆಲಸಗಳಿಗೆ ಅರ್ಜಿ ಹಾಕಲು ಅದು ಬೇಕೇ ಬೇಕು.